ನಲವತ್ತು ಅರವತ್ತರ ಹೊಲ

ಹುಳಿಮಾವಿನ ಬೈರಣ್ಣನಿಗೆ ಸಿಟ್ಟು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅಂಥವನು ಆ ಶನಿವಾರ ಜಯನಗರದಿಂದ ಮನೆಯವರೆಗೂ ಓಮ್ನಿ ಓಡಿಸಿಕೊಂಡು ಬಂದರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಚೈತ್ರ ಎರಡು ಸಲ ಅಪ್ಪನ ಮುಖ ನೋಡಿದಳು. ಮೂರನೇ ಸಲ ನೋಡುವ ಧೈರ್ಯವಾಗದೆ ಕಿಟಕಿಯ ಕಡೆ ತಿರುಗಿಕೊಂಡಳು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಬಾಗಿಲನ್ನು ದಡಾರನೆ ಹಾಕಿ, ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ತಾಯಿ ಗೌರಮ್ಮನ ಮುಂದೆ ನಿಂತ ಮೇಲೆ ಅವನ ಬಾಯಿಂದ ಮೊದಲ ಮಾತು ಹೊರಟಿತು.

"ಅವ್ವಾ, ರಾಗೀನ ಸೀಸೇಲಿ ಇಟ್ಟವ್ರೆ ಕಣವ್ವಾ! ನಂಬರ್ ಹಾಕಿ, ಸೀಸೇಲಿ!"

"ಯಾರ್ಲಾ?" ಎಂದಳು ಗೌರಮ್ಮ.

"ಕೋಚಿಂಗ್ ಸೆಂಟರ್‌ನೋರು!"

ಸಂಗತಿ ಹೀಗಿತ್ತು. ಆಗ ಎರಡು ಸಾವಿರದ ಮೂರನೇ ಇಸವಿ, ಸಂಕ್ರಾಂತಿ ಕಳೆದಿತ್ತಷ್ಟೇ. ಚೈತ್ರ ಸೆಕೆಂಡ್ ಪಿಯುಸಿಯಲ್ಲಿದ್ದಳು. ಅವಳಿಗೆ ದನದ ಡಾಕ್ಟರಾಗಬೇಕು, ಬೇರೇನೂ ಬೇಡ. ಅವಳು ಚಿಕ್ಕವಳಿದ್ದಾಗ ಆ ಮನೆಯ ಕೊನೆಯ ಹಸು ಕರು ಹಾಕಲಾರದೆ ಒದ್ದಾಡಿತ್ತು. ಲೂನಾದಲ್ಲಿ ಬಂದ ಡಾಕ್ಟರಮ್ಮ ತನ್ನ ವಾಚು ಬಿಚ್ಚಿ ಈ ಪುಟ್ಟ ಹುಡುಗಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭುಜದವರೆಗೂ ಕೈ ಹಾಕಿ ಕರುವನ್ನು ಎಳೆದು ಹಾಕಿದ್ದಳು. ಕರು ಎದ್ದು ನಿಂತಿತು. ಅವತ್ತಿನಿಂದ ಚೈತ್ರಳದು ಒಂದೇ ಹಟ.

ಹಟವೇನೋ ಸರಿ, ಸೀಟು ಬೇಕಲ್ಲ? ಹೆಬ್ಬಾಳದ ವೆಟರ್ನರಿ ಕಾಲೇಜಿನ ಬೆರಳೆಣಿಕೆಯ ಸೀಟುಗಳಿಗೆ ಇಡೀ ರಾಜ್ಯದ ಬುದ್ಧಿವಂತ ಮಕ್ಕಳೆಲ್ಲ ಮುಗಿಬೀಳುತ್ತಾರೆ. ಚೈತ್ರ ದಡ್ಡಿಯಲ್ಲ, ಆದರೆ ಬರಿಯ ಅಂಕಗಳ ಬಲದಿಂದ ಸಿಗುವುದು ಕಷ್ಟವೆಂದು ಅವಳ ಲೆಕ್ಚರರುಗಳೇ ಹೇಳಿದ್ದರು. ಉಳಿದದ್ದು ಒಂದೇ ದಾರಿ. ರೈತರ ಮಕ್ಕಳಿಗೆಂದು ಒಂದಷ್ಟು ಸೀಟು ಬೇರೆ ಇಟ್ಟಿರುತ್ತಾರೆ. ಅದಕ್ಕೆ ಜಮೀನಿನ ಪಹಣಿ ತೋರಿಸಿದರೆ ಸಾಲದು, ಪ್ರಾಕ್ಟಿಕಲ್ ಪರೀಕ್ಷೆ ಒಂದಿದೆ. ಬೀಜ, ಕಳೆ, ಉಳುವ ಸಾಮಾನು ಎಲ್ಲವನ್ನೂ ಮುಂದಿಟ್ಟು ಇದೇನು, ಯಾತಕ್ಕೆ ಎಂದು ಕೇಳುತ್ತಾರೆ. ಮೇಷ್ಟರಿಗೆ ಮನಸ್ಸು ಬಂದರೆ ಮಾಡಿ ತೋರಿಸು ಅಂತಲೂ ಅನ್ನುತ್ತಾರೆ. ಅಲ್ಲಿ ಚೆನ್ನಾಗಿ ಅಂಕ ತೆಗೆದರೆ ಸೀಟು, ಇಲ್ಲವಾದರೆ ಆ ಆಸೆಯನ್ನು ಮರೆತುಬಿಡಬೇಕು.

ಬೈರಣ್ಣನ ಹೆಸರಿನಲ್ಲಿ ಪಹಣಿ ಇತ್ತು. ಹುಳಿಮಾವಿನ ಕೆರೆ ಹಿಂದಿನ ಹೊಲವೆಲ್ಲ ಎಂದೋ ಸೈಟುಗಳಾಗಿ, ಸೈಟುಗಳೆಲ್ಲ ಬಾಡಿಗೆ ಮನೆಗಳಾಗಿದ್ದರೂ ಬನ್ನೇರುಘಟ್ಟದ ಆಚೆ ಎರಡು ಎಕರೆ ಉಳಿದಿತ್ತು. ಅದರ ತುಂಬ ನೀಲಗಿರಿ ಮರ. ನೀರು ಬೇಡ, ಗೊಬ್ಬರ ಬೇಡ, ಮಾಲೀಕ ವರ್ಷಕ್ಕೊಮ್ಮೆ ಹೋಗಿ ಬೇಲಿ ನೋಡಿಕೊಂಡು ಬಂದರೆ ಸಾಕು. ಸರ್ಕಾರದ ಲೆಕ್ಕದಲ್ಲಿ ಬೈರಣ್ಣ ರೈತ. ಅವನ ಮಗಳು ಮಾತ್ರ ಹುಟ್ಟಿದಾಗಿನಿಂದ ನೇಗಿಲು ಕಂಡವಳಲ್ಲ.

ಚೈತ್ರಳ ಅಣ್ಣ ದೀಪಕ್ ಸೈಟು ವ್ಯಾಪಾರದ ಹುಡುಗ, ಎಲ್ಲದಕ್ಕೂ ಅವನ ಹತ್ತಿರ ಒಬ್ಬ ಮನುಷ್ಯನಿರುತ್ತಾನೆ. ಈ ಪ್ರಾಕ್ಟಿಕಲ್ಲಿಗೂ ಅವನು ಜಯನಗರದಲ್ಲಿ ಬೇಕರಿಯ ಮೇಲಿನ ಒಂದು ಕೋಚಿಂಗ್ ಸೆಂಟರ್ ಹುಡುಕಿ ಕೊಟ್ಟಿದ್ದ. ಅಪ್ಪ ಮಗಳು ಅದನ್ನು ನೋಡಿಬರಲು ಹೋಗಿದ್ದರು. ಅಲ್ಲಿ ಟೈ ಕಟ್ಟಿದ ಮೇಷ್ಟರು ಸೀಸೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಹುಡುಗರು ಸೀಸೆಯ ಒಳಗಿನ ಕಾಳು ನೋಡದೆ ಮೇಲಿನ ನಂಬರ್ ನೋಡಿ ಪಟಪಟನೆ ಹೆಸರು ಹೇಳುತ್ತಿದ್ದರು. ಮೇಷ್ಟರು ಒಂದಿಷ್ಟು ಕಾಳನ್ನು ಚೈತ್ರಳ ಅಂಗೈಗೆ ಸುರಿದು "ಇದೇನಮ್ಮ?" ಎಂದರು. ಚೈತ್ರ ಹತ್ತಿರದಿಂದ ನೋಡಿ, ಬೆರಳಲ್ಲಿ ಆಡಿಸಿ, "ಸಾಸಿವೆ ಸಾರ್" ಎಂದಳು.

ಅದು ರಾಗಿ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಬೈರಣ್ಣನ ಬಾಯಿಗೆ ಬೀಗ ಬಿದ್ದದ್ದು ಆಗಲೇ.

"ನಮ್ ತಾತ, ನಮ್ಮಪ್ಪ ರಾಗಿ ಬೆಳ್ದು ರಾಗಿ ತಿಂದು ಸತ್ರು. ನನ್ ಮಗಳು ರಾಗಿ ಕಾಳ್ನ ಸಾಸ್ವೆ ಅಂತಾಳೆ!" ಎಂದು ಅವನು ಈಗ ಜಗಲಿಯ ಮುಂದೆ ಹಾರಾಡಿದ. ಚೈತ್ರಳ ಕಣ್ಣಲ್ಲಿ ನೀರು ಬಂತು.

ಗೌರಮ್ಮ ಕುಟ್ಟಿದ ಎಲೆಅಡಿಕೆಯನ್ನು ನಿಧಾನವಾಗಿ ಬಾಯಿಗೆ ಹಾಕಿಕೊಂಡಳು. "ಅವಳ ಮೇಲೆ ಯಾಕ್ಲಾ ಕೂಗ್ತೀಯ? ಮಿಲ್‌ನಿಂದ ಹಿಟ್ಟು ತಂದು ಹಾಕ್ತೀಯ. ಹಿಟ್ಟು ಕಂಡವ್ಳೆ, ಕಾಳು ಎಲ್ಲಿ ಕಂಡವ್ಳೆ? ತೋರಿಸ್ಬೇಕಾದೋನು ನೀನು."

ಬೈರಣ್ಣನಿಗೆ ಆ ಮಾತು ಸರಿಯಾದ ಜಾಗಕ್ಕೇ ನಾಟಿತು. ಅವನು ಉಣ್ಣದೆ ಹೊರಗೆ ಹೋಗಿ ಮನೆಯ ಪಕ್ಕದ ಖಾಲಿ ಸೈಟಿನ ಕಲ್ಲಿನ ಮೇಲೆ ಕೂತ. ನಲವತ್ತು ಅರವತ್ತರ ಸೈಟು, ಸುತ್ತ ಕಾಂಪೌಂಡು, ಮೂಲೆಯಲ್ಲಿ ಬೋರ್‌ವೆಲ್. ಮನೆಯವರಿಗೆಂದು ಉಳಿಸಿಕೊಂಡ ಕೊನೆಯ ತುಂಡು. ಅದಕ್ಕೂ ದೀಪಕ್ ಗಿರಾಕಿ ಹುಡುಕಿಯಾಗಿತ್ತು, ಯುಗಾದಿ ಕಳೆದರೆ ರಿಜಿಸ್ಟ್ರೇಷನ್. ಬೈರಣ್ಣ ಕೂತಲ್ಲೇ ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡಿ ನೋಡಿದ. ಎದ್ದು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಲಕ್ಷ್ಮಿದೇವಮ್ಮನಿಗೆ ಹೇಳಿದ:

"ನಿನ್ ತಮ್ಮಂಗೆ ಫೋನ್ ಮಾಡು. ನಾಳೆ ವಸಂತಪುರದಿಂದ ಎತ್ತು ಹೊಡ್ಕೊಂಡು ಬರ್ಲಿ. ಪಕ್ಕದ ಸೈಟು ಉಳ್ತೀನಿ."

ದೀಪಕ್ ಊಟದ ತಟ್ಟೆ ಬಿಟ್ಟು ಎದ್ದ. "ಅಪ್ಪಾ, ತಲೆ ಕೆಟ್ಟೈತಾ? ಪಾರ್ಟಿ ರೆಡಿ ಅವ್ನೆ! ಸೈಟಲ್ಲಿ ಯಾರಾದ್ರೂ ರಾಗಿ ಬೆಳೀತಾರಾ? ಸುಮ್ನೆ ಆ ಸೀಸೆ ನಂಬರ್ ಬಾಯಿಪಾಠ ಮಾಡಿದ್ರೆ ಆಯ್ತು."

"ಬಾಯಿಪಾಠ ಮಾಡಿ ತಗೋಬೌದು ಕಣ್ಲಾ. ಆದ್ರೆ ಆ ಸೀಟು ರೈತನ ಮಕ್ಕಳ್ದು. ನಾಳೆ ಯಾರಾನ ಬಂದು ನೀನೆಂಥಾ ರೈತನಯ್ಯಾ ಅಂದ್ರೆ ನಾನೇನ್ ತೋರಿಸ್ಲಿ, ನೀಲಗಿರಿ ಮರಾನಾ? ಅವಳು ಕಲ್ತು ತಗೊಳ್ಳಿ. ಇಲ್ದಿದ್ರೆ ನಂಗೆ ಆ ಸೀಟೇ ಬ್ಯಾಡ."

ಇಷ್ಟು ಹೇಳಿಬಿಟ್ಟ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ. ಬೈರಣ್ಣನ ಮನಸ್ಸಿನೊಳಗೆ ಮಾತ್ರ ಒಂದು ಸಣ್ಣ ಅಳುಕಿತ್ತು. ಮನೆಯಲ್ಲಿ ಅವನು ಕಿರಿಯ ಮಗ. ಅಣ್ಣಂದಿರು ಉಳುತ್ತಿದ್ದ ಕಾಲದಲ್ಲಿ ಅವನು ಸೈಕಲ್ಲಿಗೆ ಸೊಪ್ಪಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದ. ನೇಗಿಲು ಹಿಡಿದದ್ದು ಇಲ್ಲವೆಂದಲ್ಲ, ಹಿಡಿದಾಗಲೆಲ್ಲ ಬೈಸಿಕೊಂಡದ್ದೇ ಹೆಚ್ಚು. ಅದನ್ನು ಅವನು ಮಕ್ಕಳಿಗೆ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದ ಎರಡು ಎತ್ತು, ನೊಗ, ನೇಗಿಲಿನೊಂದಿಗೆ ಬನ್ನೇರುಘಟ್ಟ ರಸ್ತೆಯ ಬಸ್ಸು ಲಾರಿಗಳ ನಡುವೆ ನುಸುಳಿಕೊಂಡು ಬಂದ. ಬೈರಣ್ಣ ಪಂಚೆ ಎತ್ತಿ ಕಟ್ಟಿ, ಭೂಮಿಗೆ ಕೈ ಮುಗಿದು, ಗತ್ತಿನಿಂದ ನೇಗಿಲು ಹಿಡಿದ. ಎತ್ತುಗಳು ಹೊರಟವು. ಬೈರಣ್ಣನೂ ಹೊರಟ, ಆದರೆ ಅವು ಹೋದ ಕಡೆಗೆ. ಸಾಲು ಮೊದಲು ಬೋರ್‌ವೆಲ್ ಕಡೆ ವಾಲಿತು, ಆಮೇಲೆ ಕಾಂಪೌಂಡಿನ ಕಡೆ ವಾಲಿತು, ಕೊನೆಗೆ ನೇಗಿಲು ಮಣ್ಣಿನಿಂದ ಎದ್ದು ಗಾಳಿಯಲ್ಲೇ ಹೋಯಿತು. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳ ತುಂಬ ಜನ. ಚೈತ್ರ ನಗು ತಡೆಯಲಾರದೆ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

ಆಗ ಮೇಲಿನ ಮನೆಯಿಂದ ಬಾಡಿಗೆದಾರ ಮರೆಪ್ಪ ಇಳಿದು ಬಂದ. ಲಿಂಗಸುಗೂರು ಕಡೆಯವನು, ಬಿಟಿಎಮ್ಮಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಭಾನುವಾರದ ಲುಂಗಿ ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವನಿಗೆ ಇನ್ನು ಸುಮ್ಮನಿರಲಾಗಲಿಲ್ಲ.

"ಅಣ್ಣಾರ, ನೇಗಿಲಿನ ಮ್ಯಾಲ ಅಷ್ಟ್ ಭಾರ ಹಾಕಬ್ಯಾಡ್ರಿ. ಕೈಯಾಗ ಹಗುರ ಹಿಡೀರಿ, ಕಣ್ಣು ಮುಂದ ಇಡ್ರಿ. ಎತ್ತಿನ ಬೆನ್ನು ನೋಡಿದ್ರ ಸಾಲು ಸೊಟ್ಟ ಆಕ್ಕೈತಿ."

"ಗೊತ್ತು ಕಣಯ್ಯಾ, ಸುಮ್ನೆ ಎತ್ತು ಪರೀಕ್ಷೆ ಮಾಡ್ತಿದ್ದೆ," ಎಂದ ಬೈರಣ್ಣ. ಎತ್ತಿನ ಒಡೆಯ ಭಾವಮೈದ ಬೇರೆ ಕಡೆ ತಿರುಗಿ ಕೆಮ್ಮಿದ. ಮುಂದಿನ ಸಾಲು ಸ್ವಲ್ಪ ನೆಟ್ಟಗಾಯಿತು, ಅದರ ಮುಂದಿನದು ಇನ್ನೂ ಸ್ವಲ್ಪ. ಮಧ್ಯಾಹ್ನದ ಹೊತ್ತಿಗೆ ಅವನ ಬೆನ್ನು ಹಿಡಿದುಕೊಂಡಿತ್ತು, ಮುಖ ಮಾತ್ರ ಬೀಗುತ್ತಿತ್ತು.

ಬೀದಿಯವರಿಗೆ ಇದರ ಅರ್ಥ ಒಂದೇ ರೀತಿ ಹೊಳೆಯಿತು. ಆ ಕಡೆ ಖಾಲಿ ಜಾಗವನ್ನು ಯಾರಾದರೂ ದಿಢೀರನೆ ಉಳಲು ನಿಂತರೆ ಅದು ಜಾಗ ತನ್ನ ಸ್ವಾಧೀನದಲ್ಲಿದೆಯೆಂದು ತೋರಿಸಿಕೊಳ್ಳಲಿಕ್ಕೇ. ಹೀಗಾಗಿ ಬಂದವರೆಲ್ಲ ಗುಟ್ಟಾಗಿ ಬೈರಣ್ಣನ ಕಿವಿಯ ಹತ್ತಿರ ಬಂದು "ಯಾರ ಜೊತೆ ಕೇಸು?" ಎಂದು ಕೇಳಿದರು. ಮಗಳಿಗೆ ಪರೀಕ್ಷೆ ಎಂದರೆ ನಂಬುವವರೇ ಇಲ್ಲ. ಎರಡು ದಿನದಲ್ಲಿ ಸೈಟು ಕೊಳ್ಳುವವನ ಕಿವಿಗೂ ಕೇಸಿನ ಸುದ್ದಿ ಬಿದ್ದು ಅವನು ಕೈ ಎತ್ತಿಬಿಟ್ಟ. ದೀಪಕ್ ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟ.

ಎರಡನೇ ಉಳುಮೆಯ ದಿನ ಬೈರಣ್ಣ ಮಗಳನ್ನು ಕರೆದು ನೇಗಿಲಿನ ಮೇಣಿ ಅವಳ ಕೈಗೆ ಕೊಡಲು ಹೋದ. ಜಗಲಿಯಿಂದ ಗೌರಮ್ಮ ಕಿರುಚಿದಳು. "ಏಯ್! ಹೆಣ್ಮಕ್ಳು ನೇಗಿಲು ಮುಟ್ತಾರೇನ್ಲಾ? ಮಳೆ ಹೋಯ್ತದೆ!"

ಎಲ್ಲರ ಕೈ ನಿಂತಿತು. ಲಕ್ಷ್ಮಿದೇವಮ್ಮ ಬುಟ್ಟಿ ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ಆ ಮನೆಯಲ್ಲಿ ಹೆಂಗಸರು ಕಳೆ ಕಿತ್ತಿದ್ದಾರೆ, ಕೊಯ್ದಿದ್ದಾರೆ, ಹೊರೆ ಹೊತ್ತಿದ್ದಾರೆ. ನೇಗಿಲನ್ನು ಮಾತ್ರ ಯಾರೂ ಮುಟ್ಟಿದವರಿಲ್ಲ.

"ಅವ್ವಾ, ಇಲ್ಲಿ ಮಳೆ ಯಾರಿಗೆ ಬೇಕು? ಬೋರ್‌ವೆಲ್ ಐತೆ," ಎಂದ ಬೈರಣ್ಣ. ತಾಯಿ ಮುಖ ಸಡಿಲಿಸಲಿಲ್ಲ. ಅವನು ಹತ್ತಿರ ಹೋಗಿ ಕೂತು ದನಿ ಇಳಿಸಿದ. "ಮೇಷ್ಟ್ರು ಅವಳನ್ನ ಉಳು ಅಂದ್ರೆ ಏನ್ ಮಾಡ್ಬೇಕವ್ವಾ? ನಮ್ಮಜ್ಜಿ ಬ್ಯಾಡ ಅಂದವ್ರೆ ಅಂತ ಹೇಳ್ಬೇಕಾ? ಪಕ್ಕದ ಹುಡುಗ ಸೀಟು ತಗೊಂಡ್ ಹೋಯ್ತಾನೆ."

ಗೌರಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಉಗಿದಳು. ಕೋಲೂರಿ ಎದ್ದು, ಕಾಂಪೌಂಡಿನ ಬಾಗಿಲವರೆಗೆ ಬಂದು, ಮೊಮ್ಮಗಳನ್ನು ಗದರಿದಳು. "ಹಿಡ್ಕೊಳ್ಳೋದೇ ಆದ್ರೆ ನೆಟ್ಟಗೆ ಹಿಡ್ಕೊ. ನಿಮ್ಮಪ್ಪನ ಥರ ಅಲ್ಲ."

ಚೈತ್ರ ಹಿಡಿದಳು.

ಆಮೇಲಿನ ದಿನಗಳಲ್ಲಿ ಆ ಸೈಟಿನಲ್ಲಿ ಗೊಬ್ಬರ ಬಿತ್ತು, ರಾಗಿ ಬಿತ್ತು, ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತು. ಮರೆಪ್ಪನ ಹೆಂಡತಿ ಶಂಕ್ರವ್ವ ಊರಿಗೆ ಹೋದವಳು ಸೆರಗಿನಲ್ಲಿ ಬಿಳಿಜೋಳ, ಹತ್ತಿಬೀಜ ಕಟ್ಟಿ ತಂದಳು. "ನಿಮ್ಮ ಕೆಂಪು ಮಣ್ಣಾಗ ಇದು ಏಳೂದಿಲ್ಲ ಬಿಡ್ರಿ," ಎಂದು ಹೇಳುತ್ತಲೇ ಮೂಲೆಯಲ್ಲಿ ಊರಿ, ದಿನಾ ಆಫೀಸಿಗೆ ಹೋಗುವ ಗಂಡನಿಗಿಂತ ಮೊದಲು ಅದನ್ನು ನೋಡಿ ಬರುತ್ತಿದ್ದಳು. ಎದ್ದಿತು. ಮೊದಲ ಗರಿ ಕಂಡ ದಿನ ಅವಳು ಇಡೀ ಮನೆಗೆ ರೊಟ್ಟಿ ತಟ್ಟಿ ಕಳಿಸಿದಳು.

ಕಳೆ ಕೀಳುವ ಹೊತ್ತಿಗೆ ಬೈರಣ್ಣನ ವಿದ್ಯೆಯೆಲ್ಲ ಮುಗಿದಿತ್ತು. ಅಲ್ಲಿಂದ ಲಕ್ಷ್ಮಿದೇವಮ್ಮನ ಕಾಲ ಶುರುವಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಕೆರೆ ಹಿಂದಿನ ಹೊಲದಲ್ಲಿ ಬಗ್ಗಿದ್ದ ಬೆನ್ನು ಅದು, ಮರೆತಿರಲಿಲ್ಲ. ಮಗಳು ಮೊದಲ ದಿನ ಕಳೆಯೆಂದುಕೊಂಡು ಅರ್ಧ ಸಾಲು ರಾಗಿಯನ್ನೇ ಕಿತ್ತು ಗುಡ್ಡೆ ಹಾಕಿದಾಗ ಅವಳು ಬೈಯಲಿಲ್ಲ, ನಕ್ಕಳು. ಎರಡೂ ಗಿಡವನ್ನು ಮಗಳ ಎರಡು ಕೈಗೆ ಕೊಟ್ಟಳು. "ಕಣ್ಣಲ್ಲಿ ನೋಡ್ಬ್ಯಾಡ ಕಣೇ, ಬುಡ ಮುಟ್ಟಿ ನೋಡು." ಚೈತ್ರ ಕಣ್ಣು ಮುಚ್ಚಿ ಮುಟ್ಟಿದಳು. ಆಮೇಲೆ ಫಿಸಿಕ್ಸ್ ಪುಸ್ತಕವನ್ನು ಕಾಂಪೌಂಡಿನ ಮೇಲಿಟ್ಟು, ಒಂದು ಪುಟ ಓದಿ ಒಂದು ಸಾಲು ಕಳೆ ಕಿತ್ತು, ಹಾಗೆಯೇ ಮಾರ್ಚಿನ ಪರೀಕ್ಷೆ ಬರೆದಳು. ತೆನೆ ಮೂಡಿದ ಮೇಲೆ ಗುಬ್ಬಿ ಓಡಿಸಲು ಅಪಾರ್ಟ್‌ಮೆಂಟಿನ ಮಕ್ಕಳು ಸ್ಕೂಲ್ ಬಸ್ಸಿನಿಂದ ಇಳಿದವರು ಸೀದಾ ಇಲ್ಲಿಗೇ ಬರುತ್ತಿದ್ದರು.

ಮೇ ತಿಂಗಳ ಮೊದಲಲ್ಲಿ ಕೊಯ್ಲಾಯಿತು. ಒಂದು ಮೂಟೆ ತುಂಬಲಿಲ್ಲ. ಬೈರಣ್ಣ ಆ ಅರೆಮೂಟೆಯನ್ನು ನಡುಮನೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ. ಅಂದು ಮಾತು ಬಿಟ್ಟಿದ್ದ ದೀಪಕ್ ಕೂಡ ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡು, ಮೂಸಿ ನೋಡಿ, "ಪರವಾಗಿಲ್ಲ ಕಣಪ್ಪ, ಸಖತ್ತಾಗಿ ಬಂದೈತೆ," ಎಂದ. ಕೊಯ್ದ ಮೇಲೂ ಉಳುಮೆ ನಿಲ್ಲಲಿಲ್ಲ. ಪ್ರತಿ ಭಾನುವಾರ ವಸಂತಪುರದ ಎತ್ತು ಬಂದವು, ಕೂಳೆಯ ಮೇಲೆ ಚೈತ್ರ ನೇಗಿಲು ಹೊಡೆದಳು. ಗೇಟಿನಿಂದ ಹೊರಟು ಹಿಂದಿನ ಗೋಡೆಯವರೆಗೆ, ಅಲ್ಲಿ "ಹೋ ಹೋ" ಎಂದು ಎತ್ತು ತಿರುಗಿಸಿ, ಮತ್ತೆ ಗೇಟಿನವರೆಗೆ. ಜೂನ್ ಬರುವಷ್ಟರಲ್ಲಿ ಅವಳ ಸಾಲು ದಾರ ಹಿಡಿದ ಹಾಗೆ ಬರುತ್ತಿತ್ತು. ಬೈರಣ್ಣನ ಸಾಲು ಆಗಲೂ ಸ್ವಲ್ಪ ಬೋರ್‌ವೆಲ್ ಕಡೆಗೇ ವಾಲುತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆ ಊರಿನ ಆ ತುದಿಯಲ್ಲಿ, ಹೆಬ್ಬಾಳದ ಆಚೆಯ ದೊಡ್ಡ ತೋಟದಲ್ಲಿ. ನಾನಾ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು, ಅವರ ಅಪ್ಪಂದಿರು, ಮಾವಂದಿರು. ಹೆತ್ತವರನ್ನು ತಂತಿ ಬೇಲಿಯ ಹೊರಗೇ ನಿಲ್ಲಿಸಿದರು. ಬೈರಣ್ಣ ತನ್ನ ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ, ಕೈಯ ಬಂಗಾರದ ಕಡಗವನ್ನು ತೋಳಿನೊಳಕ್ಕೆ ತಳ್ಳಿಕೊಂಡು ನಿಂತ. ಸುತ್ತ ಇದ್ದವರ ಒರಟು ಕೈಗಳನ್ನು ನೋಡಿ ಅವನಿಗೆ ಮುಜುಗರವಾಗಿತ್ತು. ಬೀಜ, ಕಳೆ, ಸಾಮಾನು ಗುರುತಿಸುವ ಭಾಗ ಒಂದು ಹಾಲ್‌ನೊಳಗೆ ಮುಗಿಯಿತು. ಹೊರಬಂದ ಚೈತ್ರ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದಳು. ಇನ್ನು ಉಳಿದದ್ದು ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಪ್ರೊಫೆಸರ್ ಕರಿಬಸವಯ್ಯನವರ ಮುಂದೆ ಬಾಯಿ ಪರೀಕ್ಷೆ. ಮೇಜು ಬೇಲಿಗೆ ಹತ್ತಿರವೇ ಇತ್ತು, ಮಾತು ಕೇಳಿಸುತ್ತಿತ್ತು.

ಕರಿಬಸವಯ್ಯ ತಲೆಗೆ ಟೋಪಿ ಹಾಕಿಕೊಂಡ, ಬಿಸಿಲಿನಲ್ಲಿ ಬೆಂದ ಮನುಷ್ಯ. ಬೆಳಗಿನಿಂದ ಕೋಚಿಂಗ್ ಸೆಂಟರ್‌ಗಳ ಉತ್ತರ ಕೇಳಿ ಕೇಳಿ ಅವರ ತಾಳ್ಮೆ ತೀರಿತ್ತು. ಚೈತ್ರಳ ವಿಳಾಸ ಓದಿ ಕನ್ನಡಕ ಕೆಳಗಿಳಿಸಿದರು.

"ಹುಳಿಮಾವು? ಬನ್ನೇರುಘಟ್ಟ ರೋಡು? ಅಲ್ಲಿ ಈಗ ಬೆಳೆಯೋದು ಅಪಾರ್ಟ್‌ಮೆಂಟ್ ಮಾತ್ರ ಅಲ್ವೇನಮ್ಮ?"

"ನಾವು ರಾಗಿ ಬೆಳೆದಿದ್ದೀವಿ ಸಾರ್."

"ಎಲ್ರೂ ಹಾಗೇ ಅಂತಾರೆ. ಬೆಳಗಿನಿಂದ ಒಬ್ಬರೂ ನೇಗಿಲ ಹೆಸರು ತಪ್ಪಿಲ್ಲ, ಹಿಡಿ ಅಂದ್ರೆ ಮುಖ ಮುಖ ನೋಡ್ತಾರೆ. ನಿನ್ನ ಪಾಠ ನನಗೆ ಬೇಡ. ಅಗೋ ಅಲ್ಲಿ ಎತ್ತು ನಿಂತಿವೆ. ಕಟ್ಟಿ ಒಂದು ಸಾಲು ಹೊಡೆದು ತೋರಿಸು."

ಬೇಲಿಯ ಹೊರಗೆ ಗುಸುಗುಸು ಎದ್ದಿತು. "ಪಾಪ, ಹೆಣ್ಣುಹುಡುಗಿ," ಎಂದರು ಯಾರೋ. ಬೈರಣ್ಣ ತಂತಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

ಚೈತ್ರ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಚಪ್ಪಲಿ ಬಿಟ್ಟಳು. ಮೊದಲು ಎತ್ತುಗಳ ಹಣೆ ಸವರಿ, ಕುತ್ತಿಗೆ ಹಗ್ಗ ನೋಡಿ, ನೊಗ ಸರಿಮಾಡಿ, ನೇಗಿಲು ಹೂಡಿದಳು. "ಹೈ" ಎಂದಳು. ಎತ್ತು ಹೊರಟವು, ಅವಳು ಅವುಗಳ ಹಿಂದೆ ಹಗುರವಾಗಿ ನಡೆದಳು, ಕಣ್ಣು ಮುಂದೆ, ಕೈ ಸಡಿಲ. ಕೆಂಪು ಮಣ್ಣು ಎರಡು ಕಡೆಗೆ ಮಗುಚಿ ಬಿದ್ದು ಸಾಲು ನೆಟ್ಟಗೆ ಎದ್ದಿತು. ಬೇಲಿಯಾಚೆ ಇದ್ದವರು ಕತ್ತು ಚಾಚಿದರು. ಒಬ್ಬ ಮುದುಕ ರೈತ ತನ್ನಷ್ಟಕ್ಕೆ "ಭಲೇ" ಎಂದ. ಬೈರಣ್ಣ ಅವನ ಕಡೆ ತಿರುಗಿ "ನನ್ ಮಗಳು" ಎಂದ.

ಆ ಮಾತು ಮುಗಿಯುವುದರೊಳಗೆ ಚೈತ್ರ ಎತ್ತು ನಿಲ್ಲಿಸಿದಳು. "ಹೋ ಹೋ" ಎಂದು ಹಗ್ಗ ಎಳೆದು, ನೇಗಿಲು ಎತ್ತಿ, ಜೋಡಿಯನ್ನು ಚೆನ್ನಾಗಿ ತಿರುಗಿಸಿಕೊಂಡು, ಪಕ್ಕದ ಸಾಲಿಗೆ ಹಾಕಿ ವಾಪಸು ಹೊರಟೇಬಿಟ್ಟಳು.

ಹೊಲದ ನಟ್ಟನಡುವೆ! ಅವಳ ಮುಂದೆ ಇನ್ನೂ ಅಷ್ಟುದ್ದ ಹೊಲ ಬಿದ್ದಿತ್ತು. ಅಲ್ಲಿ ಬದುವೂ ಇಲ್ಲ, ಕಲ್ಲೂ ಇಲ್ಲ. ಮೇಜಿನ ಸುತ್ತ ಇದ್ದವರು ನಕ್ಕರು, ಬೇಲಿಯ ಹೊರಗಿನವರು ಇನ್ನೂ ಜೋರಾಗಿ ನಕ್ಕರು. ಬೈರಣ್ಣನೊಬ್ಬ ನಗಲಿಲ್ಲ. ಏನಾಯಿತೆಂದು ಅವನೊಬ್ಬನಿಗೇ ಗೊತ್ತಿತ್ತು. ಸರಿಯಾಗಿ ಅರವತ್ತು ಅಡಿ. ಅವನು ಮಗಳಿಗೆ ಹೊಲ ಕೊಟ್ಟಿರಲಿಲ್ಲ, ಸೈಟು ಕೊಟ್ಟಿದ್ದ. ಅಷ್ಟೂ ಭಾನುವಾರ ಅವಳು ಕಲಿತದ್ದು ಅಷ್ಟುದ್ದವೇ. ಹೋಯಿತು, ಎಲ್ಲ ನನ್ನಿಂದಲೇ ಹೋಯಿತು ಅಂದುಕೊಂಡು ಅವನು ತಂತಿಗೆ ಹಣೆ ಒತ್ತಿ ನಿಂತ.

ಚೈತ್ರ ಮೇಜಿನ ಹತ್ತಿರ ಬಂದು ಎತ್ತು ನಿಲ್ಲಿಸಿದಳು. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಅವಳಿಗೆ ಅರ್ಥವಾಗಿರಲಿಲ್ಲ.

"ಯಾಕಮ್ಮ ಅಲ್ಲೇ ತಿರುಗಿಸಿದೆ? ಹೊಲ ಇನ್ನೂ ಇತ್ತಲ್ಲ?" ಎಂದರು ಕರಿಬಸವಯ್ಯ.

ಚೈತ್ರ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಮುಖ ಕಿವಿಯವರೆಗೆ ಕೆಂಪಾಯಿತು. "ಅಲ್ಲಿಗೆ ನಮ್ದು ಕಾಂಪೌಂಡ್ ಬರುತ್ತೆ ಸಾರ್."

"ಏನು?"

"ನಮ್ ಹೊಲ ಫಾರ್ಟಿ ಬೈ ಸಿಕ್ಸ್ಟಿ ಸಾರ್. ಮನೆ ಪಕ್ಕದ ಸೈಟು. ನಾನು ಕಲಿಯೋಕೆ ಅಂತ ನಮ್ಮಪ್ಪ ಅದನ್ನೇ ಉತ್ತು ರಾಗಿ ಹಾಕಿದ್ರು."

ನಗು ತಟ್ಟನೆ ನಿಂತಿತು. ಕರಿಬಸವಯ್ಯ ಹುಡುಗಿಯ ಮಣ್ಣು ಮೆತ್ತಿದ ಕಾಲು ನೋಡಿದರು, ಅವಳು ಹೊಡೆದ ಎರಡು ನೆಟ್ಟನೆಯ ಸಾಲು ನೋಡಿದರು. ಆಮೇಲೆ ಟೋಪಿ ತೆಗೆದು ತೊಡೆಯ ಮೇಲೆ ಬಡಿದುಕೊಂಡು ನಗಲು ಶುರುಮಾಡಿದವರು ಕಣ್ಣೀರು ಒರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

"ನೋಡ್ರಯ್ಯಾ," ಎಂದು ಅವರು ಪಕ್ಕದವರಿಗೆ ಹೇಳಿದರು, "ಬಾಯಿಪಾಠ ಮಾಡಿದವರಿಗೆ ಈ ತಪ್ಪು ಮಾಡೋಕೆ ಬರೋದಿಲ್ಲ. ಉತ್ತವರು ಮಾತ್ರ ಈ ತಪ್ಪು ಮಾಡ್ತಾರೆ." ಚೈತ್ರಳ ಕಡೆ ತಿರುಗಿ ದನಿ ಏರಿಸಿದರು. "ಇಲ್ಲಿ ಕಾಂಪೌಂಡ್ ಇಲ್ಲಮ್ಮ. ಹೊಡಿ ಇನ್ನೊಂದು ಸಾಲು. ಹೊಲ ಮುಗಿಯೋವರೆಗೂ ಹೋಗು."

ಚೈತ್ರ ಎತ್ತು ತಿರುಗಿಸಿ ಹೊರಟಳು. ಈ ಸಲ ಬೈರಣ್ಣನೂ ಬೇಲಿಯ ಹೊರಗೆ ಅವಳ ಜೊತೆಜೊತೆಗೇ ಹೊರಟ. ಮೊದಲು ನಡೆದ, ಆಮೇಲೆ ಬಿರುಸಾಗಿ ನಡೆದ, ಜನರನ್ನು ತಳ್ಳಿಕೊಂಡು, ಮುಳ್ಳುಗಿಡ ದಾಟಿಕೊಂಡು. ಅರವತ್ತು ಅಡಿ ಬಂತು. ಚೈತ್ರಳ ಕೈ ತನ್ನಷ್ಟಕ್ಕೆ ಹಗ್ಗ ಎಳೆಯಲು ಹೋಗಿ ನಿಂತದ್ದು ಅವನಿಗೆ ಕಾಣಿಸಿತು. "ಹೋಗು ಮಗಾ, ಹೋಗು!" ಎಂದು ಕೂಗಿದ. ಅವಳು ಅರವತ್ತು ಅಡಿ ದಾಟಿದಳು. ಎತ್ತುಗಳು ದಾಟಿದವು. ಹೊಲದ ಕೊನೆ ಮುಟ್ಟಿದಾಗ ಅವಳು ಇಷ್ಟಗಲ ನಗುತ್ತಿದ್ದಳು. ಬೇಲಿಯ ಈ ಕಡೆ ಅವಳ ಅಪ್ಪ ಮಂಡಿಗೆ ಕೈಕೊಟ್ಟು ಏದುಸಿರು ಬಿಡುತ್ತ, ಶರಟೆಲ್ಲ ಮುಳ್ಳು ಮಾಡಿಕೊಂಡು ನಿಂತಿದ್ದ.

ಪ್ರಾಕ್ಟಿಕಲ್ಲಿನಲ್ಲಿ ಅವಳಿಗೆ ಬಂದ ಅಂಕ ಕಂಡು ದೀಪಕ್ ಎರಡು ಸಲ ಕಣ್ಣುಜ್ಜಿಕೊಂಡ. ಆದರೂ ಸೀಟು ಕೈಗೆ ಸಿಗುವವರೆಗೆ ಯಾರೂ ನಂಬುವ ಹಾಗಿರಲಿಲ್ಲ. ಕೌನ್ಸೆಲಿಂಗ್ ದಿನ ಹಾಲ್‌ನಲ್ಲಿ ಹೆಸರು ಕರೆದಂತೆಲ್ಲ ಹೆಬ್ಬಾಳದ ಸೀಟು ಒಂದೊಂದಾಗಿ ಕರಗುತ್ತಿತ್ತು. ಬೈರಣ್ಣ ಬೋರ್ಡನ್ನು ದಿಟ್ಟಿಸುತ್ತ, ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತ ಕೂತ. ಮುಂದಿನವನು ಎದ್ದ, ಅವನ ಮುಂದಿನವಳು ಎದ್ದಳು, ಬೋರ್ಡಿನಲ್ಲಿ ಸೀಟು ಇನ್ನೂ ಇತ್ತು. "ಚೈತ್ರ ಬಿ." ಎಂದು ಕರೆದರು.

ಅಪ್ಪ ಮಗಳು ಮೇಜಿನ ಮುಂದೆ ನಿಂತರು. ಗುಮಾಸ್ತರು ತಲೆ ಎತ್ತದೆ ಕೇಳಿದರು. "ಯಾವುದು?"

"ವೆಟರ್ನರಿ ಸಾರ್. ಹೆಬ್ಬಾಳ."

ಟಕಟಕ ಕಂಪ್ಯೂಟರ್ ಕೀಲಿಗಳ ಸದ್ದು. "ಆಯ್ತು, ಸೀಟು ಅಲಾಟ್ ಆಗಿದೆ. ತಂದೆ ಉದ್ಯೋಗ ಏನ್ರಿ?"

ಬ್ಯಾಂಕಿನಲ್ಲಿ, ಛತ್ರದಲ್ಲಿ, ಎಲ್ಲೇ ಕೇಳಲಿ, ಬೈರಣ್ಣ ಇಷ್ಟು ವರ್ಷ ಹೇಳುತ್ತಿದ್ದ ಉತ್ತರ 'ಬಿಸಿನೆಸ್'. ನಾಲಿಗೆಯ ತುದಿಗೆ ಬಂದ ಆ ಮಾತು ಯಾಕೋ ಹೊರಗೆ ಬರಲಿಲ್ಲ. ಅವನು ತಡವರಿಸುತ್ತಿದ್ದಾಗ ಪಕ್ಕದಲ್ಲಿ ಮಗಳ ದನಿ ಕೇಳಿತು.

"ವ್ಯವಸಾಯ ಸಾರ್."

ಅವಳು ಅಪ್ಪನ ಕಡೆ ನೋಡಲೂ ಇಲ್ಲ, ಹೆಸರು ಊರು ಹೇಳುವಷ್ಟು ಸಲೀಸಾಗಿ ಹೇಳಿದಳು. ಗುಮಾಸ್ತರು ಹಾಗೆಯೇ ಬರೆದುಕೊಂಡರು. ಬೈರಣ್ಣನಿಗೆ ಸಹಿ ಹಾಕಲು ಪೆನ್ನು ಕೊಟ್ಟರೆ ಅಕ್ಷರಗಳು ಕಣ್ಣ ಮುಂದೆ ಮಂಜಾದವು. ಕಣ್ಣು ಒರೆಸಿಕೊಂಡು ದೊಡ್ಡದಾಗಿ ಸಹಿ ಹಾಕಿದ.

ಹೊರಗೆ ಬಂದು ಮೊಬೈಲ್ ತೆಗೆದ. ಲಕ್ಷ್ಮಿದೇವಮ್ಮ ಹಲೋ ಅನ್ನುವುದಕ್ಕೂ ಬಿಡಲಿಲ್ಲ.

"ಸಿಕ್ತು ಕಣೇ! ಹೆಬ್ಬಾಳದ್ದೇ ಸಿಕ್ತು! ಅವ್ವಂಗೆ ಹೇಳು, ಮರೆಪ್ಪಂಗೆ ಹೇಳು, ಎಲ್ರಿಗೂ ಹೇಳು! ನಿನ್ ಮಗಳು ಡಾಕ್ಟ್ರು ಕಣೇ!"

ಮೆಟ್ಟಿಲ ಮೇಲಿದ್ದವರು, ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದವರು ಎಲ್ಲ ತಿರುಗಿ ನೋಡಿದರು. ಚೈತ್ರ ನಾಚಿ ಅಪ್ಪನ ತೋಳು ಎಳೆದಳು.

"ಅಪ್ಪಾ, ಮೆಲ್ಲಗೆ. ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬಿಡು!" ಎಂದ ಬೈರಣ್ಣ, ಕಣ್ಣೀರು ಒರೆಸಿಕೊಳ್ಳದೆ, ಇನ್ನೂ ಜೋರಾಗಿ. "ನೋಡ್ಲಿ ಅಂತಾನೇ ಕೂಗ್ತಿರೋದು!"